ಕನ್ನಡ ಅಕ್ಷರದಲ್ಲೇ ವೆಬ್‌ಸೈಟ್ ಅಡ್ರೆಸ್ ತಗೊಳ್ಳೋದು ಹೇಗೆ? ಬೋರ್ಡ್ ಬರೆಸೋ ಮುಂಚೆ ಓದ್ಕೊಳ್ಳಿ

ಆಲ್ದೂರು ಹತ್ರ ನಮ್ಮ ಚಿಕ್ಕಪ್ಪನ ಮಗ ತೋಟದ ಹಳೇ ಮನೆ ರಿಪೇರಿ ಮಾಡಿಸಿ ಹೋಮ್‌ಸ್ಟೇ ಶುರು ಮಾಡ್ದ, ಹೆಸರು ಹೂಮಳೆ. ಮಾರ್ಚ್ ಏಪ್ರಿಲಲ್ಲಿ ಕಾಫಿ ಮೊಗ್ಗು ಅರಳ್ಸೋಕೆ ಬರೋ ಮಳೆ ಇದ್ಯಲ್ಲ ಅದು, ತೋಟದವ್ರಿಗೆ ಬಿಡ್ಸಿ ಹೇಳ್ಬೇಕಾಗಿಲ್ಲ. ಹೆಸರು ಚೆನ್ನಾಗೇ ಇದೆ, ತೊಂದರೆ ಶುರುವಾಗಿದ್ದು ವೆಬ್‌ಸೈಟ್ ಮಾಡ್ಸೋಕೆ ಹೋದಾಗ. ಇಂಗ್ಲಿಷಲ್ಲಿ ಎಚ್ ಆದ್ಮೇಲೆ ಡಬಲ್ ಓ ಹಾಕೋದಾ ಯು ಹಾಕೋದಾ, ಕೊನೇಲಿ ಬರೀ ಇ ಸಾಕಾ ವೈ ಬೇಕಾ, ಯಾವ್ದು ಹಾಕಿದ್ರೂ ಬೆಂಗಳೂರಿಂದ ಫೋನ್ ಮಾಡೋರು "ಹೂಮಲೆ"ನಾ ಅಂತಾನೇ ಕೇಳ್ತಾರೆ, ಯಾಕಂದ್ರೆ ಳ ಅನ್ನೋ ಅಕ್ಷರಾನೇ ಇಂಗ್ಲಿಷಲ್ಲಿ ಇಲ್ವಲ್ಲ. ನಮ್ಮ ಊರಿನ ಹೆಸರೇ ನೋಡಿ, 2014ರ ನವೆಂಬರ್ 1ಕ್ಕೆ ಸರ್ಕಾರ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿಸ್ತು, ಆದ್ರೂ ಇವತ್ತಿಗೂ ಒಂದೊಂದು ಬೋರ್ಡಲ್ಲಿ ಒಂದೊಂದು ತರ ಇದೆ. ಕನ್ನಡದಲ್ಲಿ ಆದ್ರೆ ಚಿಕ್ಕಮಗಳೂರು, ಮುಗೀತು.

ಹಾಗಾದ್ರೆ ಅಡ್ರೆಸ್ಸೂ ಕನ್ನಡದಲ್ಲೇ ತಗೋ ಮಾರಾಯ, ಹೂಮಳೆ.ಭಾರತ ಅಂತ, ಅಂದೆ. ಅಂದಿದ್ದೇ ತಪ್ಪಾಯ್ತು, ಆಮೇಲೆ ಅದರ ಕೆಲಸ ಪೂರ್ತಿ ನನ್ನ ತಲೆಗೇ ಬಂತು. ಆಗ ಕಲಿತಿದ್ದನ್ನ ಇಲ್ಲಿ ಹೇಳ್ತೀನಿ. ಹೋಮ್‌ಸ್ಟೇಗೇ ಅಂತಲ್ಲ, ಹಾಸನದಲ್ಲಿ ಪ್ರೆಸ್ ಇಟ್ಟವ್ರಿಗೂ ಅರಸೀಕೆರೆಲಿ ಕೊಬ್ಬರಿ ವ್ಯಾಪಾರ ಮಾಡೋರಿಗೂ ಇದೇ ದಾರಿ.

ಮೊದಲು, ಒಳಗೆ ಏನಾಗತ್ತೆ

ಇದು ಅರ್ಥ ಆಗ್ದೇ ಮುಂದೆ ಹೋದ್ರೆ ಪ್ರತಿ ಹೆಜ್ಜೇಲೂ ಗಾಬರಿ ಆಗತ್ತೆ. ಇಂಟರ್ನೆಟ್ಟಿನ ಅಡ್ರೆಸ್ ಹುಡ್ಕೋ ವ್ಯವಸ್ಥೆ, ಡಿಎನ್‌ಎಸ್ ಅಂತಾರೆ, ಅದಕ್ಕೆ ಹೆಸರು ಅಂದ್ರೆ ಇಂಗ್ಲಿಷಿನ 26 ಅಕ್ಷರ, ಅಂಕಿ, ಹೈಫನ್ ಅಷ್ಟೇ. ಹಂಗಾಗಿ ಕನ್ನಡದ ಹೆಸರನ್ನ ಬ್ರೌಸರ್ರೇ ಗುಟ್ಟಾಗಿ ಇಂಗ್ಲಿಷ್ ಅಕ್ಷರದ ಒಂದು ಕೋಡಿಗೆ ಬದಲಾಯಿಸಿ ಕಳ್ಸತ್ತೆ, ಇದಕ್ಕೆ ಪ್ಯೂನಿಕೋಡ್ ಅಂತ ಹೆಸರು, 2003ರಲ್ಲಿ ಬಂದ ನಿಯಮ. ಈ ತರದ ಕೋಡ್ ಯಾವಾಗ್ಲೂ ಎಕ್ಸ್, ಎನ್, ಎರಡು ಹೈಫನ್‌ನಿಂದ ಶುರುವಾಗತ್ತೆ. ನಮ್ಮ ಹೂಮಳೆ ಏನಾಗತ್ತೆ ಗೊತ್ತಾ? ಆ ನಾಲ್ಕು ಗುರುತಾದ್ಮೇಲೆ ಡಿ-ಟಿ-ಸಿ-ಕೆ-ಕ್ಯೂ-ಸೊನ್ನೆ-ಬಿ-ಡಬ್ಲ್ಯೂ. ಭಾರತ ಅನ್ನೋ ಬಾಲಕ್ಕೂ ಹಂಗೇ, 2-ಎಸ್-ಸಿ-ಆರ್-ಜೆ-9-ಸಿ. ನೀವು ದುಡ್ಡು ಕೊಟ್ಟು ತಗೊಳ್ಳೋದು ನಿಜವಾಗಿ ಈ ವಿಚಿತ್ರ ಸಾಲನ್ನೇ, ಕನ್ನಡ ಬರೀ ಅದರ ಮುಖ. ಮೊದಲ ಸಲ ನೋಡಿದಾಗ ನಮ್ಮ ಹುಡುಗ ವೈರಸ್ ಬಂತು ಅಂತ ಲ್ಯಾಪ್‌ಟಾಪೇ ಮುಚ್ಚಿಟ್ಟಿದ್ದ.

ಮುಂಚೆ ಹೆಸರು ಬೇರೆ ಲಿಪೀಲಿದ್ರೂ ಬಾಲ ಮಾತ್ರ ಇಂಗ್ಲಿಷಲ್ಲೇ ಇರ್ಬೇಕಿತ್ತು. 2010ರ ಮೇನಲ್ಲಿ ಅರಬ್ ದೇಶಗಳಿಗೆ ಅರೇಬಿಕ್ ಬಾಲ, ರಷ್ಯಾಗೆ ಸಿರಿಲಿಕ್ ಬಾಲ ಸಿಕ್ತು, ನಮ್ಮಲ್ಲಿ 2014ರ ಆಗಸ್ಟಲ್ಲಿ ದೇವನಾಗರಿಯ ಭಾರತ್ ಶುರುವಾಯ್ತು, ಕನ್ನಡದ .ಭಾರತ ಅದಾದ್ಮೇಲೆ ಬಂತು. ಇದನ್ನ ನಡೆಸೋದು ನಿಕ್ಸಿ, ಡಾಟ್ ಇನ್ ನೋಡ್ಕೊಳ್ಳೋದೂ ಅದೇ ಸಂಸ್ಥೆ. ಡಾಟ್ ಕಾಮ್ ಬಾಲಕ್ಕೂ ಕನ್ನಡ ಹೆಸರು ಸೇರಿಸಬಹುದು, ಆದ್ರೆ ಚುಕ್ಕೆ ತನಕ ಕನ್ನಡ ಕೀಬೋರ್ಡಲ್ಲಿ ಕುಟ್ಟಿ ಆಮೇಲೆ ಇಂಗ್ಲಿಷಿಗೆ ಬದಲಾಯಿಸೋ ತಾಪತ್ರಯ ಯಾರಿಗೆ ಬೇಕು, ನನಗಂತೂ ಅದು ಎಡಬಿಡಂಗಿ ಅನ್ಸತ್ತೆ.

ಹೆಜ್ಜೆ 1: ಹೆಸರು ಆರಿಸೋದು

ಇಲ್ಲೇ ಜಾಸ್ತಿ ಜನ ಎಡವೋದು, ಹಂಗಾಗಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ನಮ್ಮ ಹುಡುಗನಿಗೆ ಮೊದಲು ಬರೀ ಹೂಮಳೆ ಸಾಲ್ದು, "ಹೂಮಳೆಹೋಮ್‌ಸ್ಟೇ" ಅಂತ ಬೇಕಿತ್ತು. ಹೋಮ್‌ಸ್ಟೇ ಅನ್ನೋ ಪದಾನ ಗಮನಿಸಿ ನೋಡಿ, ಮ್ ಬಿಡಿಯಾಗಿ ನಿಂತಿದೆ, ಸ್ಟೇ ಪಕ್ಕಕ್ಕಿದೆ. ಹಂಗೆ ನಿಲ್ಲಿಸೋಕೆ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರತ್ತೆ, ನಾನ್ ಜಾಯಿನರ್ ಅಂತಾರೆ, ಫೋನ್ ಕೀಬೋರ್ಡು ಸಜೆಷನ್ ಕೊಡುವಾಗ ತಾನೇ ಹಾಕಿಬಿಡತ್ತೆ, ನಮಗೆ ಗೊತ್ತೇ ಆಗಲ್ಲ. ಅದು ಇಲ್ದಿದ್ರೆ ಪದ "ಹೋಮ್ಸ್ಟೇ" ಅಂತ ಒಂದರ ಕೆಳಗೊಂದು ಒತ್ತಾಗಿ ಗುಡ್ಡೆ ಬೀಳತ್ತೆ. 2003ರ ನಿಯಮ ಈ ಕಾಣದ ಅಕ್ಷರಾನ ಕಿತ್ತು ಬಿಸಾಕಿ ಮುಂದೆ ಹೋಗ್ತಿತ್ತು, 2010ರ ಹೊಸ ನಿಯಮದಲ್ಲಿ ಅರ್ಧಾಕ್ಷರದ ಗುರುತಾದ್ಮೇಲೆ ಬಂದ್ರೆ ಇರ್ಲಿ ಅಂತ ಒಪ್ಕೊಂಡ್ರು. ಅಂದ್ರೆ ಹಳೇ ನಿಯಮದ ಸಾಫ್ಟ್‌ವೇರ್ ಒಂದು ಅಡ್ರೆಸ್ಸಿಗೆ ಹೋಗತ್ತೆ, ಹೊಸ ನಿಯಮದ್ದು ಇನ್ನೊಂದಕ್ಕೆ, ಕಣ್ಣಿಗೆ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ. ನಾವು ಹುಡುಕಿದ ರಿಜಿಸ್ಟ್ರಾರ್ (ಅಡ್ರೆಸ್ ಮಾರೋ ಕಂಪನಿ) ಸೈಟಲ್ಲಂತೂ ಒಳಗೇ ಬಿಡ್ಲಿಲ್ಲ, "ಅಮಾನ್ಯ ಅಕ್ಷರ" ಅಂತ ಕೆಂಪಲ್ಲಿ ತೋರಿಸ್ತು. ಯಾವ ಅಕ್ಷರ ಅಂತ ಹೇಳ್ಲಿಲ್ಲ, ನಾವಿಬ್ರೂ ಅರ್ಧ ಗಂಟೆ ಳ ತಪ್ಪೇನೋ ಅಂತ ಅದನ್ನೇ ಅಳಿಸಿ ಬರೆದು ಅಳಿಸಿ ಬರೆದು ಮಾಡಿದ್ವಿ.

ಇದಕ್ಕಿಂತ ಕಷ್ಟದ್ದು ರ‍್ಯಾಫ್ಟಿಂಗ್. ಭದ್ರಾ ಹೊಳೇಲಿ ರ‍್ಯಾಫ್ಟಿಂಗ್ ಮಾಡ್ಸೋರು ಯಾರಾದ್ರೂ ಈ ಪದ ಹಾಕಿ ಅಡ್ರೆಸ್ ತಗೊಳ್ಳೋಣ ಅಂತಿದ್ರೆ ಬಿಟ್ಬಿಡಿ. ರ ಕೆಳಗೆ ಯ ಒತ್ತು ಬರ್ಬೇಕು ಅಂದ್ರೆ ರ ಆದ್ಮೇಲೆ ಜಾಯಿನರ್ ಅನ್ನೋ ಇನ್ನೊಂದು ಕಾಣದ ಅಕ್ಷರ ಹಾಕಿ ಆಮೇಲೆ ಅರ್ಧಾಕ್ಷರದ ಗುರುತು ಹಾಕ್ಬೇಕು, ನಿಯಮ ಹೇಳೋದು ಅದಕ್ಕೆ ಉಲ್ಟಾ, ಜಾಯಿನರ್ ಬಂದ್ರೆ ಗುರುತಿನ ನಂತರಾನೇ ಬರ್ಬೇಕು ಅಂತ. ಹಂಗಾಗಿ ಡೊಮೈನಲ್ಲಿ, ಅಂದ್ರೆ ವೆಬ್‌ಸೈಟ್ ಅಡ್ರೆಸ್ಸಲ್ಲಿ, ಇದು ಸಾಧ್ಯಾನೇ ಇಲ್ಲ. ಜಾಯಿನರ್ ತೆಗೆದ್ರೆ ಅರ್ಕಾವತ್ತು ಬಂದು "ರ್ಯಾಫ್ಟಿಂಗ್" ಅಂತ ಕೂರತ್ತೆ, ಅದನ್ನ ಓದೋಕೆ ನಾಲಿಗೆ ತಿರುಗಲ್ಲ.

ಒಟ್ನಲ್ಲಿ ಪದದ ಮಧ್ಯ ಬಿಡಿ ಅರ್ಧಾಕ್ಷರ ನಿಲ್ಲೋ ಹೆಸರೇ ಬೇಡ, ಕೊನೇಲಿ ಬಂದ್ರೆ ಪರ್ವಾಗಿಲ್ಲ, ಹೋಟೆಲ್ ಅನ್ನೋ ತರ. ಅಚ್ಚಗನ್ನಡದ ಪದಗಳಲ್ಲಿ ಈ ರಗಳೆ ಕಮ್ಮಿ, ಹೂಮಳೆ, ಕಾಡುಮನೆ, ತೆಂಗು, ಏಲಕ್ಕಿ, ಇವೆಲ್ಲ ಸಲೀಸು.

ಜಾಗ ಬಿಡೋ ಹಂಗಿಲ್ಲ, ಬೇಕಿದ್ರೆ ಹೈಫನ್. ಅಂಕಿ ಬೇಕಿದ್ರೆ ಸಾಮಾನ್ಯ 1, 2, 3 ಇರ್ಲಿ, ಕನ್ನಡ ಅಂಕಿ ಬೇಡ, ಕನ್ನಡದ ಸೊನ್ನೆಗೂ ಅನುಸ್ವಾರದ ಸೊನ್ನೆಗೂ ವ್ಯತ್ಯಾಸ ಹುಡ್ಕೋಕೆ ಭೂತಗನ್ನಡಿ ಬೇಕು. ಮಧ್ಯ ಇಂಗ್ಲಿಷ್ ಅಕ್ಷರ ತುರುಕೋದೂ ಬೇಡ. ಉದ್ದದ ಮಿತಿ ಕೋಡ್ ರೂಪದಲ್ಲಿ 63 ಅಕ್ಷರ, ಇದರಲ್ಲಿ ಮೊದಲಿನ ನಾಲ್ಕು ಗುರುತೂ ಸೇರಿ. ಚಿಕ್ಕಮಗಳೂರು ಅಂದ್ರೆ ನಮಗೆ ಆರು ಅಕ್ಷರ, ಕಂಪ್ಯೂಟರಿಗೆ ಕಾಗುಣಿತದ ಗುರುತು ಒತ್ತು ಎಲ್ಲಾ ಬಿಡ್ಸಿ ಹನ್ನೊಂದು, ಅದು ನೆನಪಿರ್ಲಿ.

ಇನ್ನೊಂದು, ನಮ್ಮ ಕಡೆ ಹ ಹೋಗಿ ಅ ಆಗೋದು ಗೊತ್ತಿರೋದೇ, ಆಸನಕ್ಕೋಗಿದ್ದೆ ಅಂತಾರೆ. ಫೋನಲ್ಲಿ ಹೇಳಿದ ಹೆಸರನ್ನ ಕೇಳ್ದೋರು ಹೆಂಗೆ ಬರೀತಾರೆ ಅಂತ ನಾಲ್ಕು ಜನರ ಹತ್ರ ಬರೆಸಿ ನೋಡಿ. ನಾಲ್ಕರಲ್ಲಿ ಮೂರು ಬೇರೆ ಬೇರೆ ಬಂದ್ರೆ ಹೆಸರು ಬದಲಾಯಿಸಿ.

ಹೆಜ್ಜೆ 2: ಯೂನಿಕೋಡಲ್ಲೇ ಟೈಪ್ ಮಾಡೋದು

ಯೂನಿಕೋಡ್ ಅಂದ್ರೆ ಯಾವ ಫೋನ್, ಕಂಪ್ಯೂಟರಲ್ಲಾದ್ರೂ ಕನ್ನಡ ಕನ್ನಡವಾಗೇ ಉಳಿಯೋ ವ್ಯವಸ್ಥೆ. ವಿಸಿಟಿಂಗ್ ಕಾರ್ಡ್ ಮಾಡಿಸಿದ ಡಿಟಿಪಿ ಅಂಗಡಿಯಿಂದ ಹೆಸರು ಕಾಪಿ ಮಾಡ್ಕೊಂಡು ಬಂದು ಪೇಸ್ಟ್ ಮಾಡ್ಬೇಡಿ. ಸುಮಾರು ಅಂಗಡೀಲಿ ಈಗ್ಲೂ ಹಳೇ ಆಸ್ಕಿ ನುಡಿ ಫಾಂಟಲ್ಲೇ ಕೆಲಸ ನಡೆಯೋದು, ಅದು ನೋಡೋಕೆ ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ವಾಟ್ಸಾಪಲ್ಲಿ ನಿಮಗೇ ಒಂದು ಮೆಸೇಜ್ ಹಾಕಿ ನೋಡಿ, ಕನ್ನಡ ಕನ್ನಡವಾಗೇ ಬಂದ್ರೆ ಸರಿ. ಫೋನ್ ಕೀಬೋರ್ಡಲ್ಲಿ ಅಥವಾ ಕೆ.ಪಿ. ರಾವ್ ವಿನ್ಯಾಸದ ಕೀಬೋರ್ಡಲ್ಲಿ ಯೂನಿಕೋಡ್ ಇಟ್ಕೊಂಡು ಒಂದೊಂದೇ ಅಕ್ಷರ ಕುಟ್ಟಿ, ಸಜೆಷನ್ ಒತ್ತಬೇಡಿ.

ಹೆಜ್ಜೆ 3: ಕೊಂಡ್ಕೊಳ್ಳೋದು

ಡೊಮೈನ್ ಮಾರೋ ಎಲ್ರೂ ಕನ್ನಡದ .ಭಾರತ ಮಾರಲ್ಲ. ನಿಕ್ಸಿ ಮಾನ್ಯತೆ ಕೊಟ್ಟಿರೋ ರಿಜಿಸ್ಟ್ರಾರ್‌ಗಳ ಪಟ್ಟಿ ಅವರ ಸೈಟಲ್ಲೇ ಸಿಗತ್ತೆ, ಅದರಿಂದ ಒಬ್ರನ್ನ ಹಿಡೀರಿ. ಹೆಸರು ಹುಡುಕಿ, ಖಾಲಿ ಇದ್ರೆ ವರ್ಷ ಆರಿಸಿ, ಒಂದರಿಂದ ಹತ್ತು ವರ್ಷದ ತನಕ ತಗೋಬಹುದು. ಮೊದಲ ವರ್ಷದ ರೇಟು ನೋಡಿ ಖುಷಿ ಪಡ್ಬೇಡಿ, ರಿನ್ಯೂವಲ್ ರೇಟು ಕೆಳಗೆ ಸಣ್ಣಕ್ಷರದಲ್ಲಿ ಇರತ್ತೆ, ಅದನ್ನ ನೋಡಿ. ಗುರುತಿನ ದಾಖಲೆ ಕೇಳಿದ್ರೆ ಕೊಡ್ಬೇಕು, ಇಮೇಲಿಗೆ ಬರೋ ಲಿಂಕ್ ಒತ್ತಿ ಖಾತ್ರಿ ಮಾಡ್ಬೇಕು, ಮರೆತ್ರೆ ಹೆಸರು ತಡೆಹಿಡೀತಾರೆ.

ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಡೊಮೈನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಲ್ಲಿ, ನಿಮ್ಮ ಫೋನ್ ನಂಬರಲ್ಲಿ ಇರ್ಬೇಕು. ವೆಬ್‌ಸೈಟ್ ಮಾಡ್ಕೊಡೋ ಹುಡುಗ "ನಾನೇ ತಗೋತೀನಿ ಅಣ್ಣ" ಅಂತಾನೆ, ಒಳ್ಳೇ ಹುಡುಗಾನೇ ಇರ್ತಾನೆ, ಎರಡು ವರ್ಷ ಆದ್ಮೇಲೆ ಬೇರೆ ಊರಿಗೆ ಕೆಲಸಕ್ಕೆ ಹೋಗ್ತಾನೆ, ರಿನ್ಯೂವಲ್ ಮೆಸೇಜ್ ಅವನಿಗೇ ಹೋಗ್ತಿರತ್ತೆ, ಒಂದಿನ ಸೈಟೇ ಇಲ್ಲ. ನನ್ನದೇ ಹಳೇ ಇಂಗ್ಲಿಷ್ ಡೊಮೈನ್ ಒಂದು ಹಿಂಗೇ ಹೋಯ್ತು. ನಿಮ್ಮ ಬ್ರ್ಯಾಂಡ್ ಹೆಸರನ್ನ ಬೇರೆ ಯಾರೋ ಕೆಟ್ಟ ಉದ್ದೇಶಕ್ಕೆ ತಗೊಂಡಿದ್ರೆ ಐಎನ್‌ಡಿಆರ್‌ಪಿ ಅನ್ನೋ ವ್ಯಾಜ್ಯ ನಿಯಮದಲ್ಲಿ ದೂರು ಕೊಡಬಹುದು, ಅದು ಡಾಟ್ ಇನ್‌ಗೂ .ಭಾರತಕ್ಕೂ ಅನ್ವಯ ಆಗತ್ತೆ, ಆದ್ರೆ ಅಲ್ಲೀತನಕ ಹೋಗೋ ಬದ್ಲು ಮೊದ್ಲೇ ಹುಷಾರಾಗಿರೋದು ವಾಸಿ.

ಹೆಜ್ಜೆ 4: ಹೋಸ್ಟಿಂಗಿಗೆ ಜೋಡ್ಸೋದು

ಹೋಸ್ಟಿಂಗ್ ಅಂದ್ರೆ ಸೈಟ್ ಇಡೋ ಬಾಡಿಗೆ ಜಾಗ. ಅದರ ಪ್ಯಾನೆಲಲ್ಲಿ ಕನ್ನಡ ಹೆಸರು ಹಾಕಿದ್ರೆ ಸುಮಾರು ಕಡೆ ತಗೊಳ್ಳಲ್ಲ, ಅಲ್ಲಿ ಆ ಎಕ್ಸ್ ಎನ್ ಕೋಡನ್ನೇ ಹಾಕ್ಬೇಕು, ಅಡ್ರೆಸ್ಸನ್ನ ಆ ಜಾಗಕ್ಕೆ ಜೋಡ್ಸೋ ನೇಮ್‌ಸರ್ವರ್ ಸೆಟ್ಟಿಂಗಿಗೂ ಸುರಕ್ಷತೆಯ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೂ ಅದೇ. ಕೋಡ್ ರಿಜಿಸ್ಟ್ರಾರ್ ಖಾತೇಲೇ ಕಾಣತ್ತೆ. ಅದನ್ನ ಕಾಪಿ ಮಾಡಿ, ಕೈಯಲ್ಲಿ ಕುಟ್ಟೋಕೆ ಹೋಗ್ಬೇಡಿ, ಒಂದು ಅಕ್ಷರ ತಪ್ಪಿದ್ರೂ ಬೇರೆ ಹೆಸರೇ ಆಗತ್ತೆ. ಡೈರೀಲಿ ಬೇರೆ ಬರೆದಿಟ್ಕೊಳ್ಳಿ. ಸೆಟ್ಟಿಂಗ್ ಬದಲಾದ್ಮೇಲೆ ಎಲ್ಲಾ ಕಡೆ ಹರಡೋಕೆ ಕೆಲವು ಗಂಟೆ, ಒಮ್ಮೊಮ್ಮೆ ಎರಡು ದಿನ.

ಹೆಜ್ಜೆ 5: ಬಳಸೋದು, ಇದೇ ನಿಜವಾದ ಪರೀಕ್ಷೆ

ನಮ್ಮ ಹುಡುಗ ಕ್ರೋಮಲ್ಲಿ ಸೈಟ್ ಓಪನ್ ಮಾಡ್ದ, ಮೇಲೆ ಹೂಮಳೆ.ಭಾರತ ಅಂತ ಚೆಂದಕ್ಕೆ ಕಾಣ್ತು, ಅದನ್ನ ಕಾಪಿ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ದ. ಹೋಗಿ ಬಿದ್ದಿದ್ದು ಎಕ್ಸ್ ಎನ್ ಹೈಫನ್ ಹೈಫನ್ ಸಾಲು. ಅತ್ತೆ ತಕ್ಷಣ "ಯಾರೂ ಒತ್ತಬೇಡಿ, ದುಡ್ಡು ಹೋಗತ್ತೆ" ಅಂತ ವಾಯ್ಸ್ ಮೆಸೇಜ್ ಹಾಕಿದ್ರು. ಅವರದ್ದೇನೂ ತಪ್ಪಿಲ್ಲ, ಕ್ರೋಮ್ ತರದ ಬ್ರೌಸರಿಂದ ಕಾಪಿ ಮಾಡಿದ್ರೆ ಕೋಡ್ ರೂಪಾನೇ ಬರತ್ತೆ. ಕನ್ನಡದಲ್ಲಿ ಕೈಯಾರೆ ಟೈಪ್ ಮಾಡಿ ಹಾಕಿದ್ರೆ ಚೆಂದ ಕಾಣತ್ತೆ, ಆದ್ರೆ ಕೆಲವು ಆಪುಗಳಿಗೆ ಅದು ಲಿಂಕ್ ಅಂತಾನೇ ಗೊತ್ತಾಗಲ್ಲ, ಒತ್ತಿದ್ರೆ ಏನೂ ಆಗಲ್ಲ.

ಅನುಮಾನ ಪಡೋಕೂ ಕಾರಣ ಇದೆ. 2017ರಲ್ಲಿ ಸಿರಿಲಿಕ್ ಅಕ್ಷರ ಜೋಡಿಸಿ ಆ್ಯಪಲ್ ಕಂಪನಿ ಅಡ್ರೆಸ್ ತರಾನೇ ಕಾಣೋ ಡೊಮೈನ್ ಒಂದನ್ನ ಮಾಡಿ ತೋರಿಸಿದ್ರು, ಅದಾದ್ಮೇಲೆ ಕ್ರೋಮ್ ತರದ ಕೆಲವು ಬ್ರೌಸರ್‌ಗಳು ನಿಯಮ ಬಿಗಿ ಮಾಡಿದ್ವು. ನಮಗೆ ಹತ್ರದ ಉದಾಹರಣೆ ತೆಲುಗು. ರಂಗ ಅಂತ ಬರೀರಿ, ತೆಲುಗಿನ ರ, ಸೊನ್ನೆ, ಗ ಹಾಕಿ ಬರೆದ್ರೂ ದೂರದಿಂದ ಅದೇ ತರ ಕಾಣತ್ತೆ, ಕಂಪ್ಯೂಟರಿಗೆ ಮಾತ್ರ ಪೂರ್ತಿ ಬೇರೆ ಹೆಸರು. ಕನ್ನಡ ಅಡ್ರೆಸ್ಸಿನ ಸೈಟಲ್ಲಿ ದುಡ್ಡು ಕಟ್ಟೋ ಮುಂಚೆ ನೀವೂ ಎರಡು ಸಲ ನೋಡಿ.

ಇಮೇಲ್ ವಿಷಯ ಚಿಕ್ಕದಾಗಿ. ಕನ್ನಡದಲ್ಲೇ ಇಮೇಲ್ ಐಡಿ ಇಟ್ಕೊಳ್ಳೋ ನಿಯಮ 2012ಕ್ಕೇ ಬಂತು, ಜಿಮೇಲ್ 2014ರಿಂದ ಅಂಥ ಅಡ್ರೆಸ್ಸಿಗೆ ಮೇಲ್ ಕಳ್ಸತ್ತೆ, ತಗೊಳ್ಳತ್ತೆ. ಆದ್ರೆ ಯಾವ್ದಾದ್ರೂ ಆನ್‌ಲೈನ್ ಫಾರ್ಮಲ್ಲಿ ಹಾಕಿ ನೋಡಿ, "ಸರಿಯಾದ ಇಮೇಲ್ ಕೊಡಿ" ಅಂತ ವಾಪಸ್ ಕಳ್ಸತ್ತೆ. ನಾವು ಆ ಉಸಾಬರಿಗೇ ಹೋಗ್ಲಿಲ್ಲ.

ಹಂಗಾದ್ರೆ ಪ್ರಯೋಜನ ಏನು ಅಂತ ಕೇಳಬಹುದು. ನನ್ನ ಅಭಿಪ್ರಾಯ, ಇಂಗ್ಲಿಷ್ ಡೊಮೈನ್ ಒಂದನ್ನೂ ತಗೊಳ್ಳಿ, ಎರಡೂ ಒಂದೇ ಸೈಟಿಗೆ ಹೋಗೋ ಹಾಗೆ ಒಂದರಿಂದ ಇನ್ನೊಂದಕ್ಕೆ ರೀಡೈರೆಕ್ಟ್ ಹಾಕಿ. ಕೇರಳದಿಂದ ಬರೋರ ಫೋನಲ್ಲಿ ಕನ್ನಡ ಕೀಬೋರ್ಡ್ ಇರಲ್ಲ, ಅವರಿಗೆ ಇಂಗ್ಲಿಷ್. ನಮ್ಮವರಿಗೆ, ಬೋರ್ಡಿಗೆ, ಕಾಫಿಪುಡಿ ಪ್ಯಾಕೆಟ್ಟಿಗೆ, ಸ್ಪೆಲಿಂಗ್ ಕೇಳದೇ ಒಂದೇ ಸಲಕ್ಕೆ ನೆನಪಿರೋದಕ್ಕೆ ಕನ್ನಡ. ಪಕ್ಕದಲ್ಲೊಂದು ಕ್ಯೂಆರ್ ಕೋಡ್ ಇರ್ಲಿ, ಅದರೊಳಗೆ ಎಕ್ಸ್ ಎನ್ ರೂಪ ಹಾಕಿ, ಯಾವ ಫೋನ್ ಆದ್ರೂ ಓದತ್ತೆ, ಬೋರ್ಡ್ ನೋಡೋರ ಕಣ್ಣಿಗೆ ಕಾಣಲ್ಲ.

ಬೋರ್ಡ್ ಬರೆಯೋರಿಗೆ ಚುಕ್ಕೆ ವಿಷಯ ಬಾಯಲ್ಲಿ ಬಿಡ್ಸಿ ಹೇಳಿ. ನಮ್ಮ ಹುಡುಗ ಹೇಳ್ಲಿಲ್ಲ, ಪೇಂಟರ್ ದೊಡ್ಡಕ್ಷರದಲ್ಲಿ "ಹೂಮಳೆ ಭಾರತ" ಅಂತ ಬರೆದಿಟ್ಟು ಹೋಗಿದ್ದ, ಹದಿನೈದು ದಿನ ದಾರೀಲಿ ಹೋಗೋರೆಲ್ಲ ಇದು ಯಾವ ಸಂಘಟನೆ ಆಫೀಸು ಅಂತ ವಿಚಾರಿಸ್ತಿದ್ರು. ಆಮೇಲೆ ಬರೀ ಒಂದು ಚುಕ್ಕೆ ಹಾಕ್ಸೋಕೆ ಅವನನ್ನ ಚಿಕ್ಕಮಗಳೂರಿಂದ ಮತ್ತೆ ಕರೆಸಿ, ಬಸ್ ಚಾರ್ಜು, ಊಟ ಕೊಟ್ಟು ಕಳ್ಸಿದ್ದಾಯ್ತು.