ಚಕ್ಕೋತದ ಗಿಡಕ್ಕೆ ಲಂಗ

ಕಳೆದ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ನಮ್ಮ ಜಗಲಿಯಿಂದ ಒಂದೇ ಬೆಳಿಗ್ಗೆ ಐದು ಬ್ಲೂ ಮಾರ್ಮನ್ ಚಿಟ್ಟೆಗಳು ಹಾರಿದವು. ಐದೂ ಮೊಟ್ಟೆಯಿಂದ ನಾನೇ ನೋಡಿಕೊಂಡವು. ವಿಡಿಯೊ ಮಾಡಿ ಮೊದಲು ಕಳುಹಿಸಿದ್ದು ನನ್ನ ಕ್ಯಾಮೆರಾ ಗೆಳೆಯನಿಗೆ. "ಉಡುಪಿಯ ಮಳೆಯಲ್ಲಿ ಹುಳ ಸಾಕಿದರೆ ಬೂಸ್ಟು ಬಿಟ್ಟು ಬೇರೇನೂ ಬೆಳೆಯುವುದಿಲ್ಲ, ಮಳೆ ಹೋದ ಮೇಲೆ ಸಾಕು ಮಾರಾಯ" ಎಂದು ಮೂರು ವರ್ಷ ನನ್ನನ್ನು ತಮಾಷೆ ಮಾಡಿದವನು ಅವನು. ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ.

ನನ್ನದು ಸಂತೆಕಟ್ಟೆ ಹತ್ತಿರ ಒಂದು ಟೈಲರ್ ಅಂಗಡಿ. 2020ರ ಲಾಕ್‌ಡೌನಿನಲ್ಲಿ ಮಾಸ್ಕ್ ಹೊಲಿದು ಹೊಲಿದು ಬೇಸರ ಬಂದು ಹಿತ್ತಲಿನ ಬೇವಿನ ಸೊಪ್ಪಿನ (ಕರಿಬೇವಿನ) ಗಿಡ ನೋಡುತ್ತಾ ಕೂತವನಿಗೆ ಈ ಹುಚ್ಚು ಹಿಡಿಯಿತು. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಎಂದು ಉಗುರಿನಲ್ಲಿ ತೆಗೆಯಲು ಹೋದರೆ ಅದು ಕೆಂಪು ಕೊಂಬು ಹೊರಗೆ ಹಾಕಿತು. ಹಿಕ್ಕೆಯಲ್ಲ, ಚಿಟ್ಟೆಯ ಹುಳ. ಚಿಟ್ಟೆ ಸಾಕುವವರಿಗೆ ಉಳಿದದ್ದು ಗೊತ್ತೇ ಇದೆ. ನೀವೂ ಹಾಗೆಯೇ ಶುರು ಮಾಡಿದವರು ಅಲ್ವಾ?

ಮೊದಲ ಮಳೆಗಾಲ ಎಲ್ಲರಂತೆ ಐಸ್‌ಕ್ರೀಮ್ ಡಬ್ಬ. ಮುಚ್ಚಳಕ್ಕೆ ತೂತು, ತಳಕ್ಕೆ ಟಿಶ್ಯೂ, ದಿನಾ ಹೊಸ ಎಲೆ. ಆ ವರ್ಷ ಸುಮಾರು ಮೂವತ್ತೈದು ಹುಳ ತಂದಿರಬೇಕು, ಹೆಚ್ಚಿನವು ಕಾಮನ್ ಮಾರ್ಮನ್ ಮತ್ತು ನಿಂಬೆ ಚಿಟ್ಟೆಯವು. ಚಿಟ್ಟೆಯಾದದ್ದು ನಾಲ್ಕು. ಜುಲೈಯಲ್ಲಿ ನಮ್ಮಲ್ಲಿ ಒಣಗಿಸಿದ ಚಡ್ಡಿಯೇ ಒಣಗುವುದಿಲ್ಲ, ಡಬ್ಬದೊಳಗಿನ ಹಿಕ್ಕೆ ಒಣಗುತ್ತದಾ? ಬೆಳಿಗ್ಗೆ ಹಾಕಿದ ಎಲೆ ಸಂಜೆಗೆ ಬೆವರುತ್ತದೆ, ಮರುದಿನ ಹಿಕ್ಕೆಯ ಮೇಲೆ ಬಿಳಿ ಕೂದಲು. ಮೂರನೇ ದಿನ ದಪ್ಪ ದಪ್ಪ ಹುಳಗಳು ಕಪ್ಪಾಗಿ, ತಲೆ ಕೆಳಗಾಗಿ ಜೋತು ಬಿದ್ದು, ಮುಟ್ಟಿದರೆ ನೀರಾಗಿ ಸುರಿದವು. ಒಂದು ಡಬ್ಬದಲ್ಲಿ ಶುರುವಾದದ್ದು ನನ್ನ ಕೈಯಿಂದಲೇ ಪಕ್ಕದ ಡಬ್ಬಕ್ಕೆ ಹೋಯಿತು. ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಇನ್ನು ಸಾಕು ಎಂದು ಅಟ್ಟಕ್ಕೆ ಹಾಕಿದೆ.

ಎರಡನೇ ವರ್ಷ ದುಡ್ಡು ಸುರಿದೆ. ಆನ್‌ಲೈನಿನಲ್ಲಿ ಮಡಚುವ ಬಲೆಯ ಪಂಜರ ತರಿಸಿದೆ, ಸಾವಿರದ ಮುನ್ನೂರೋ ನಾನೂರೋ ಆಯಿತು. ಜಿಪ್ ನೋಡಿದಾಗಲೇ ನನಗೆ ನಗು ಬಂದಿತ್ತು, ಅಂಥ ಜಿಪ್ಪನ್ನು ನಾನು ಹತ್ತು ರೂಪಾಯಿಯ ಪರ್ಸಿಗೂ ಹಾಕುವುದಿಲ್ಲ. ಹುಳ ಪ್ಯೂಪಾ (ಕೋಶ) ಆಗುವ ಮೊದಲು ಹೊಟ್ಟೆ ಖಾಲಿ ಮಾಡಿಕೊಂಡು ಜಾಗ ಹುಡುಕಿ ಓಡಾಡುತ್ತದಲ್ವಾ, ಆಗ ಸೀದಾ ಹೋಗುವುದು ಆ ಜಿಪ್ಪಿನ ಮೂಲೆಗೆ. ಎರಡನ್ನು ನಾನೇ ಜಿಪ್ಪು ಎಳೆದು ಕೊಂದೆ. ಒಂದು ತಪ್ಪಿಸಿಕೊಂಡು ಅಂಗಡಿಗೆ ಬಂದು ಮದುಮಗಳ ಬ್ಲೌಸಿನ ಲೈನಿಂಗಿಗೆ ದಾರ ಕಟ್ಟಿ ನೇತಾಡಿತು. ಹುಕ್ ಹಾಕಲು ಎತ್ತಿಕೊಂಡಾಗ ಕಣ್ಣಿಗೆ ಬಿತ್ತು. ಕೀಳಲು ಮನಸ್ಸಾಗಲಿಲ್ಲ. ಮದುವೆಗೆ ಇನ್ನೂ ಮೂರು ವಾರ ಇತ್ತು, ದೇವರು ದೊಡ್ಡವನು. "ಬಾರ್ಡರ್ ಬರಲಿಲ್ಲ" ಎಂದು ಹನ್ನೆರಡು ದಿನ ಸುಳ್ಳು ಹೇಳಿದೆ. ಚಿಟ್ಟೆ ಹೊರಗೆ ಬರುವ ಹಿಂದಿನ ದಿನ ಅಡಿಗೊಂದು ಹಳೇ ಬಟ್ಟೆ ಪಿನ್ ಮಾಡಿದೆ. ಇಲ್ಲದಿದ್ದರೆ ಅದು ಬಿಡುವ ಕೆಂಪು ನೀರು ರೇಷ್ಮೆಗೆ ಹಿಡಿಯುತ್ತಿತ್ತು.

ಅದೇ ವರ್ಷ ದೊಡ್ಡ ಪೆಟ್ಟು ಬಿದ್ದದ್ದು ಬೇವಿನ ಸೊಪ್ಪಿನಿಂದ. ಹಿತ್ತಲಿನ ಗಿಡ ಬೋಳಾಯಿತು. ಹುಳಗಳು ಕೊನೇ ಪೊರೆ ಬಿಟ್ಟು ಹಸಿರಾಗಿ, ಹಗಲೂ ರಾತ್ರಿ ತಿನ್ನುವ ಸಮಯ. ಪೇಟೆಯಿಂದ ಇಪ್ಪತ್ತು ರೂಪಾಯಿಯ ಕಟ್ಟು ತಂದೆ, ಮೂರು ನೀರಿನಲ್ಲಿ ತೊಳೆದು ಹಾಕಿದೆ. ಸಂಜೆಗೆ ಹುಳಗಳು ಹಸಿರು ವಾಂತಿ ಮಾಡಿಕೊಂಡು ನಡುಗುತ್ತಿದ್ದವು. ರಾತ್ರಿಯೊಳಗೆ ಹದಿನೆಂಟು ಹೋದವು. ತೊಳೆದರೆ ಹೋಗುವ ಮದ್ದಲ್ಲ ಅದು. ಅವತ್ತಿನಿಂದ ನಮ್ಮ ಸಾರಿಗೂ ಪೇಟೆಯ ಬೇವಿನ ಸೊಪ್ಪು ಬರುತ್ತಿಲ್ಲ. ಅದನ್ನು ತಂದರೆ ಹೆಂಡತಿ ನನ್ನ ಮುಖ ನೋಡುತ್ತಾಳೆ.

ದಾರಿ ತೋರಿಸಿದ್ದು ಬೆಳುವಾಯಿ. ಮೂಡಬಿದಿರೆ ಕಡೆ ಒಂದು ಮದುವೆಗೆ ಹೋದವನು ಅಲ್ಲಿಯ ಚಿಟ್ಟೆ ಪಾರ್ಕಿಗೆ ನುಗ್ಗಿದೆ. ಅಲ್ಲಿ ಚಿಟ್ಟೆಗಳನ್ನು ಕೂಡಿ ಹಾಕುವ ಗಾಜಿನ ಮನೆ ಇಲ್ಲ. ಹುಳ ತಿನ್ನುವ ಗಿಡಗಳನ್ನು ನೆಟ್ಟಿದ್ದಾರೆ, ಚಿಟ್ಟೆ ತಾನಾಗಿ ಬರುತ್ತದೆ, ಅಷ್ಟೇ. ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ನಾನು ಎರಡು ವರ್ಷ ಎಲೆಯನ್ನು ಹುಳದ ಹತ್ತಿರ ತಂದೆ. ಹುಳವನ್ನು ಗಿಡದಲ್ಲೇ ಬಿಟ್ಟು ಗಿಡಕ್ಕೇ ಬಟ್ಟೆ ಹೊಲಿದರೆ? ಹೊಲಿಯುವುದು ನನಗೆ ಬರುತ್ತದೆ ತಾನೇ.

ಮಲ್ಪೆಯ ಬಲೆ ಅಂಗಡಿಗೆ ಮೊದಲು ಹೋದೆ. ಅಲ್ಲಿಯ ಬಲೆಯ ಕಣ್ಣು ಬೂತಾಯಿ ಮೀನಿಗೆ ಸರಿ, ನನ್ನ ಕೆಲಸಕ್ಕೆ ಅಲ್ಲ. ಕೊನೆಗೆ ಸೊಳ್ಳೆ ಪರದೆಯ ಬಟ್ಟೆಯೇ ಆಯಿತು, ಮೀಟರಿಗೆ ಐವತ್ತೈದೋ ಅರವತ್ತೋ. ದಿಂಬಿನ ಕವರಿನ ಹಾಗೆ ಹೊಲಿದು ಎರಡೂ ಕಡೆ ನೆಫೆ ಮಾಡಿ ಲಾಡಿ ಹಾಕಿದೆ. ಮೇಲಿನ ಲಾಡಿ ಕೊಂಬೆಗೆ ಬಿಗಿಯಬೇಕು. ಕೆಳಗಿನದನ್ನು ಬಿಚ್ಚಿದರೆ ಹಿಕ್ಕೆಯೆಲ್ಲ ಒಂದೇ ಸಲ ಕೆಳಗೆ. ಜಿಪ್ಪಿಲ್ಲ, ಮೂಲೆಯಿಲ್ಲ. ನೆರೆಮನೆಯವರು "ಗಿಡಕ್ಕೆ ಲಂಗ ಹಾಕಿದ್ದೀರಲ್ಲ" ಎಂದು ನಕ್ಕರು. ಹೆಸರು ಹಾಗೇ ನಿಂತಿತು.

ಗಿಡ ಹೊರಗೇ ಇದ್ದರೆ ಮಳೆ ಬಿಡುವುದಿಲ್ಲ. ಹಾಗಾಗಿ ಬ್ಲೂ ಮಾರ್ಮನ್ ಹುಳ ತಿನ್ನುವ ಚಕ್ಕೋತದ ಕಸಿ ಗಿಡ ನಾಲ್ಕು ತಂದೆ, ಒಂದಕ್ಕೆ ಇನ್ನೂರರ ಹತ್ತಿರ. ದೊಡ್ಡ ಕುಂಡದಲ್ಲಿ ನೆಟ್ಟು ಜಗಲಿಯ ಮಾಡಿನ ಅಡಿ ಇಟ್ಟೆ. ಒಂದು ಗಿಡ ಸತ್ತಿತು. ಎಲೆಗೆ ನೀರು ಚಿಮುಕಿಸುವುದನ್ನು ಪೂರ್ತಿ ಬಿಟ್ಟೆ. ಬಾಕಿ ಊರಿನವರು ಚಿಮುಕಿಸಿ ಎನ್ನುತ್ತಾರೆ, ನಮ್ಮ ಗಾಳಿಯಲ್ಲೇ ಬೇಕಾದಷ್ಟು ನೀರಿದೆ. ಇರುವೆಗೆ ಕುಂಡದ ಅಡಿ ಮೂರು ತೆಂಗಿನ ಗೆರಟೆ ಬೋರಲು ಇಟ್ಟು, ಅದನ್ನು ನೀರು ತುಂಬಿದ ಅಗಲ ಬೇಸಿನ್ನಿನಲ್ಲಿ ಕೂರಿಸಿದೆ. ನೀರಿಗೆ ಎರಡು ದಿನಕ್ಕೊಮ್ಮೆ ಸೋಪು. ಇಲ್ಲದಿದ್ದರೆ ಚಿಟ್ಟೆಯ ಜೊತೆ ಸೊಳ್ಳೆಯನ್ನೂ ಸಾಕಿದ ಹಾಗಾಗುತ್ತದೆ.

ಲಂಗ ಹಾಕಿದ ಕೂಡಲೇ ಗೆದ್ದೆ ಎಂದುಕೊಳ್ಳಬೇಡಿ. ಮೊದಲ ಲಂಗದೊಳಗೆ ಒಂದು ಜೇಡ ಮೊದಲೇ ಕೂತಿತ್ತು. ನಾನು ಒಳ್ಳೆ ಊಟ ಹಾಕಿ ಲಾಡಿ ಬಿಗಿದೆ! ಈಗ ಕೊಂಬೆಯನ್ನು ಚೆನ್ನಾಗಿ ಕೊಡವಿ, ಎಲೆ ಎಲೆ ತಿರುಗಿಸಿ ನೋಡದೆ ಕಟ್ಟುವುದಿಲ್ಲ. ಇನ್ನೊಂದು ಸಲ ನಾಲ್ಕು ಹುಳ ಒಣಗಿದ ಸಿಪ್ಪೆಯಾಗಿದ್ದವು, ಲಂಗದಲ್ಲಿ ಒಂದು ತೂತಿಲ್ಲ. ಎರಡು ದಿನ ಕಾದು ಕೂತು ಹಿಡಿದೆ. ಒಂದು ತಿಗಣೆ ಜಾತಿಯ ಕೀಟ ಹೊರಗಿನಿಂದಲೇ ಬಲೆಯ ಕಣ್ಣಿನಲ್ಲಿ ಸೂಜಿ ತೂರಿಸಿ ಹೀರುತ್ತಿತ್ತು. ಬಟ್ಟೆ ಎಲೆಗೆ ತಾಗಬಾರದು ಎನ್ನುವುದು ಆಗ ಗೊತ್ತಾಯಿತು. ಮುರಿದ ಕೊಡೆಗಳಿಗೆ ಉಡುಪಿಯಲ್ಲಿ ಬರವೇ? ಕೊಡೆಯ ಕಡ್ಡಿ ಬಗ್ಗಿಸಿ ಬಳೆ ಮಾಡಿ ಲಂಗದೊಳಗೆ ಎರಡು ಕಡೆ ಹೊಲಿದೆ. ಈಗ ಅದು ಗೂಡುದೀಪದ ಹಾಗೆ ಉಬ್ಬಿ ನಿಲ್ಲುತ್ತದೆ.

ದಪ್ಪ ಹುಳ ಕಂಡರೆ ಈಗ ತರುವುದೇ ಇಲ್ಲ. ಅಷ್ಟು ದೊಡ್ಡದಾಗುವಷ್ಟರಲ್ಲಿ ಅರ್ಧಕ್ಕರ್ಧ ಹುಳಗಳ ಹೊಟ್ಟೆಯಲ್ಲಿ ಬೇರೆಯವರ ಮಕ್ಕಳು ಇರುತ್ತಾರೆ. ಎಕ್ಕದ ಗಿಡದಿಂದ ತಂದ ಪ್ಲೇನ್ ಟೈಗರ್ ಚಿಟ್ಟೆಯ ಹುಳಗಳಲ್ಲಿ ಇದನ್ನು ಕಣ್ಣಾರೆ ನೋಡಿದೆ. ಚಂದದ ಹಸಿರು ಪ್ಯೂಪಾ ಆಗುತ್ತದೆ, ಆಮೇಲೆ ಕಲೆ ಬೀಳುತ್ತದೆ, ಒಂದು ದಿನ ಅದರಿಂದ ಬಿಳಿ ನೂಲು ಇಳಿದಿರುತ್ತದೆ, ಕೆಳಗೆ ನೊಣದ ಮರಿಗಳು. ಮೊಟ್ಟೆಯಿಂದಲೇ ಶುರು ಮಾಡಿದರೆ ಈ ಕಾಟ ಕಡಿಮೆ. ಪೂರ್ತಿ ಇಲ್ಲ ಎಂದಲ್ಲ. ಸಾಸಿವೆಯಷ್ಟಿರುವ ಮೊಟ್ಟೆ ಕಪ್ಪಾದರೂ ಬಿಸಾಡದೆ ಇಟ್ಟು ನೋಡಿ, ಕೆಲವು ಸಲ ಅದರಿಂದ ಹುಳದ ಬದಲು ಧೂಳಿನಂಥ ಕಣಜಗಳು ಬರುತ್ತವೆ.

ಬ್ಲೂ ಮಾರ್ಮನ್ ಸುಮ್ನೆ ಬಂದು ನಿಮ್ಮ ಕುಂಡದಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಎಳೆ ಚಿಗುರು ಬೇಕು, ಚಿಗುರಿಗೆ ಕೊಂಬೆ ಕತ್ತರಿಸಬೇಕು. ಯಾವಾಗ ಕತ್ತರಿಸುತ್ತೇನೆ, ಕುಂಡವನ್ನು ಮೊದಲು ಎಲ್ಲಿ ಇಡುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಗೂ ಅದಕ್ಕೂ ಸಂಬಂಧ ಇದೆ ಎಂದಷ್ಟು ಹೇಳುತ್ತೇನೆ. ಮಹಾರಾಷ್ಟ್ರದವರು 2015ರಲ್ಲಿ ಬ್ಲೂ ಮಾರ್ಮನ್ನನ್ನು ತಮ್ಮ ರಾಜ್ಯದ ಚಿಟ್ಟೆ ಮಾಡಿಕೊಂಡರು. ನಮ್ಮ ರಾಜ್ಯದ್ದು ಸದರ್ನ್ ಬರ್ಡ್‌ವಿಂಗ್. ಅದಕ್ಕಾಗಿ ಈಶ್ವರ ಬಳ್ಳಿ ಬೇಲಿಗೆ ಹಬ್ಬಿಸಿದ್ದೇನೆ. ಅದರ ಹುಳಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ, ಲಂಗವನ್ನೂ ಹಾಕುವುದಿಲ್ಲ. ಬಂದರೆ ಬರಲಿ.

ಪ್ಯೂಪಾ ಉದುರಿದರೆ ಸತ್ತಿತು ಎಂದು ಕೈಬಿಡಬೇಡಿ. ಸೊಂಟದ ದಾರ ಹರಿದು ಬಿದ್ದವನ್ನು ಕಡಲೆ ಪೊಟ್ಟಣದಂಥ ಚಿಕ್ಕ ಕಾಗದದ ಪೊಟ್ಟಣದಲ್ಲಿ ಬಾಲ ಕೆಳಗಾಗಿ ಕೂರಿಸಿ, ಬಟ್ಟೆಗೆ ಪಿನ್ ಮಾಡುತ್ತೇನೆ. ಹೊರಗೆ ಬಂದ ಚಿಟ್ಟೆ ಹತ್ತಿ ನೇತಾಡಲು ಮೇಲೆ ಒರಟು ಬಟ್ಟೆ ಬೇಕು. ಇದು ಗೊತ್ತಿಲ್ಲದ ವರ್ಷ ಮೂರು ಚಿಟ್ಟೆಗಳ ರೆಕ್ಕೆ ಮುದುಡಿತು. ಅವುಗಳಿಗೆ ಸಕ್ಕರೆ ನೀರು ಕುಡಿಸಿ ಮಗಳು ಒಂದು ವಾರ ಸಾಕಿದಳು.

ನಡುವೆ ಕೆಲವು ಆಟ ಆಡಿದೆ. ಕಾಮನ್ ಮಾರ್ಮನ್ ಪ್ಯೂಪಾ ಕೆಲವು ಹಸಿರು, ಕೆಲವು ಕಂದು ಆಗುತ್ತವಲ್ಲ, ಯಾಕೆ ಎಂದು ಒಂದಷ್ಟು ಕಡ್ಡಿಗೆ ಮರಳು ಕಾಗದ ಸುತ್ತಿದೆ, ಒಂದಷ್ಟಕ್ಕೆ ನುಣುಪು ಪ್ಲಾಸ್ಟಿಕ್ ಸ್ಟ್ರಾ ಹಾಕಿದೆ. ಮರಳು ಕಾಗದದಲ್ಲಿ ಒಂಬತ್ತರಲ್ಲಿ ಏಳೋ ಎಂಟೋ ಕಂದು. ಸ್ಟ್ರಾದಲ್ಲಿ ಹೆಚ್ಚಿನವು ಹಸಿರು. ಹುಳ ಬಣ್ಣ ನೋಡುವುದಕ್ಕಿಂತ ಜಾಸ್ತಿ ಕಾಲಿನಲ್ಲಿ ತಡವಿ ನೋಡುತ್ತದೆ ಎಂದು ನನ್ನ ಲೆಕ್ಕ. ಟೈಲರ್ ಬಟ್ಟೆ ನೋಡುವ ಹಾಗೆ. ಹಿಕ್ಕೆಯನ್ನು ಶಂಕರಪುರ ಮಲ್ಲಿಗೆಯ ಬುಡಕ್ಕೆ ಹಾಕಿದೆ. ಹೂವು ಜಾಸ್ತಿಯಾಯಿತು ಎಂದು ಹೆಂಡತಿ ಹೇಳುತ್ತಾಳೆ, ನನಗೇನೂ ಕಾಣಲಿಲ್ಲ.

ಒಮ್ಮೆ ದಾಲ್ಚಿನ್ನಿ ಮರದಲ್ಲಿ ಎಲೆ ಸುತ್ತಿಕೊಂಡ ದೊಡ್ಡ ಗೂಡು ಸಿಕ್ಕಿತು. ಅಟ್ಲಾಸ್ ಪತಂಗ. ತಿಂಗಳ ಹತ್ತಿರ ಕಾದ ಮೇಲೆ ಒಂದು ಸಂಜೆ ಹೆಣ್ಣು ಬಂತು, ನನ್ನ ಎರಡು ಅಂಗೈ ಜೋಡಿಸಿದರೂ ಸಾಲದು. ಬಾಯಿಯೇ ನೆಟ್ಟಗಿಲ್ಲದ ಜೀವ, ಏನೂ ತಿನ್ನುವುದಿಲ್ಲ, ಒಂದೆರಡು ವಾರದೊಳಗೆ ಮುಗಿಯುತ್ತದೆ. ಹಾಗೇ ಬಿಡುವ ಬದಲು ದೊಡ್ಡ ಲಂಗದಲ್ಲಿ ಹಾಕಿ ಟೆರೇಸಿನಲ್ಲಿ ನೇತು ಹಾಕಿದೆ. ಮೊದಲ ರಾತ್ರಿ ಜೋರು ಮಳೆ, ಏನೂ ಇಲ್ಲ. ಎರಡನೇ ರಾತ್ರಿ ಎರಡು ಗಂಟೆ ದಾಟಿದ ಮೇಲೆ ಟಾರ್ಚ್ ಹಿಡಿದು ಹತ್ತಿದರೆ ಲಂಗದ ಹೊರಗೆ ಗರಿಯಂಥ ಮೀಸೆಯ ಎರಡು ಗಂಡು! ಅದೆಷ್ಟು ದೂರದಿಂದ ವಾಸನೆ ಹಿಡಿದು ಬಂದವೋ. ಲಾಡಿ ಬಿಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಮೂರೂ ಇರಲಿಲ್ಲ.

ಲೆಕ್ಕ ಕೇಳುವವರಿಗೆ: ಲಂಗ ಬಂದ ಮೊದಲ ವರ್ಷ ಮೂವತ್ತು ಮೊಟ್ಟೆಯಲ್ಲಿ ಇಪ್ಪತ್ತು ಚಿಲ್ಲರೆ ಚಿಟ್ಟೆ. ಕಳೆದ ವರ್ಷ ಅರವತ್ತರಲ್ಲಿ ನಲವತ್ತೈದರ ಹತ್ತಿರ. ಒಂದು ಲಂಗಕ್ಕೆ ಐದಕ್ಕಿಂತ ಜಾಸ್ತಿ ಹುಳ ಬಿಡುವುದಿಲ್ಲ, ಅದರಲ್ಲಿ ಆಸೆ ಮಾಡಬಾರದು. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಬ್ಲೂ ಮಾರ್ಮನ್ನಿಗೆ ಒಂದೂವರೆ ತಿಂಗಳು ಹಿಡಿಯುತ್ತದೆ, ಕಾಮನ್ ಮಾರ್ಮನ್ನಿಗೆ ತಿಂಗಳು ಸಾಕು. ಖರ್ಚು ಎಲ್ಲ ಸೇರಿ ಐದು ಸಾವಿರ ಆಗಿರಬಹುದು. ಹೆಂಡತಿಯ ಲೆಕ್ಕದಲ್ಲಿ ಏಳು, ಅವಳು ನಾನು ಅಂಗಡಿ ಬೇಗ ಮುಚ್ಚಿದ ದಿನಗಳನ್ನೂ ಸೇರಿಸುತ್ತಾಳೆ.

ಹೆಬ್ಬೆರಳು ಕಳುಹಿಸಿದ ಗೆಳೆಯ ಚೌತಿಯ ಮರುದಿನ ಅಂಗಡಿಗೆ ಬಂದ. ಪ್ಯಾಂಟ್ ಆಲ್ಟರ್ ಮಾಡಿಸುವ ನೆಪ. ಹೋಗುವಾಗ ಎರಡು ಲಂಗ ಕಂಕುಳಲ್ಲಿ ಇಟ್ಟುಕೊಂಡು ಹೋದ. ಕೊಡೆಯ ಬಳೆ ಇರುವುದಕ್ಕೆ ನೂರೈವತ್ತು, ಇಲ್ಲದ್ದಕ್ಕೆ ನೂರು ಎಂದು ಹೇಳಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.