ಕಸದ ಕ್ಯಾಮೆರಾಕ್ಕೆ ಎಐ: ಟೆಂಡರಿಗೆ ಮೊದಲೇ ಕರೆಂಟಿನ ಲೆಕ್ಕ

ಶಿವಮೊಗ್ಗದ ಪಾಲಿಕೆಯೋ, ಸಾಗರ ತೀರ್ಥಹಳ್ಳಿಯಂಥ ಊರಿನ ಸ್ಥಳೀಯ ಸಂಸ್ಥೆಯೋ ರಸ್ತೆಬದಿಯ ಕಸದ ರಾಶಿ ಪತ್ತೆಗೆ ಎಐ ಕ್ಯಾಮೆರಾ ಕೊಳ್ಳಲು ಹೊರಟಿದೆ ಎನ್ನಿ. ಮೊದಲು ತೀರ್ಮಾನಿಸಬೇಕಾದ್ದು, ಎಷ್ಟು ಹೊತ್ತಿಗೊಂದು ಚಿತ್ರ ಸಾಕು? ಸೆಕೆಂಡಿಗೆ 15 ಫ್ರೇಮಿನ ವಿಡಿಯೋ ಆದರೆ ಒಂದು ಕ್ಯಾಮೆರಾದಿಂದ ದಿನಕ್ಕೆ 12,96,000 ಚಿತ್ರ. ಹತ್ತು ನಿಮಿಷಕ್ಕೊಂದಾದರೆ 144. ಕಸದ ರಾಶಿ ಎದ್ದು ಓಡಿಹೋಗುವುದಿಲ್ಲ, 144 ಧಾರಾಳ. ಸುರಿದವರನ್ನು ಹಿಡಿದು ದಂಡ ಹಾಕುವುದೇ ಉದ್ದೇಶವಾದರೆ ಮಾತ್ರ ಲೆಕ್ಕ ಬೇರೆ.

ಆಮೇಲೆ ಕರೆಂಟ್. ಚಿತ್ರ ನೋಡಿ ಕಸ ಗುರುತಿಸುವ 300 ವ್ಯಾಟಿನ ಸರ್ವರ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ 7.2 ಯುನಿಟ್, ವರ್ಷಕ್ಕೆ 2,628. ಎಸಿ, ಯುಪಿಎಸ್ ಖರ್ಚು ಸೇರಿಸಲು ಪಿಯುಇಯಿಂದ ಗುಣಿಸಿ (ಕಟ್ಟಡದ ಒಟ್ಟು ಕರೆಂಟನ್ನು ಕಂಪ್ಯೂಟರ್ ಯಂತ್ರಗಳ ಕರೆಂಟಿನಿಂದ ಭಾಗಿಸಿದರೆ ಬರುವ ಅಂಕಿ ಅದು). 1.5 ಇದ್ದರೆ 3,942 ಯುನಿಟ್. ದೇಶದ ಗ್ರಿಡ್ಡಿನಲ್ಲಿ ಯುನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿದರೆ 2.76 ಟನ್. ‘ಪಕ್ಕದಲ್ಲೇ ಶರಾವತಿ, ನಮ್ಮದು ನೀರಿನ ಕರೆಂಟ್’ ಎನ್ನುವ ಹಾಗಿಲ್ಲ. ಗ್ರಿಡ್ಡಿಗೆ ಸೇರಿದ ಕರೆಂಟಿಗೆ ಊರಿನ ಹೆಸರಿರುವುದಿಲ್ಲ, ಕ್ಲೌಡ್ ಸರ್ವರಂತೂ ಮುಂಬೈಯಲ್ಲೋ ಚೆನ್ನೈಯಲ್ಲೋ ಇರಬಹುದು.

ಷರತ್ತುಗಳು ಟೆಂಡರ್ ದಾಖಲೆಯಲ್ಲೇ ಬರಬೇಕು. 1999ರ ಕೆಟಿಪಿಪಿ ಕಾಯ್ದೆಯಡಿ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆಂದು ಇರುವ ರಾಜ್ಯದ ಕಾನೂನು), ಅಲ್ಲಿ ಹೇಳದ ಮಾನದಂಡದಿಂದ ಆಮೇಲೆ ಬಿಡ್ ಅಳೆಯಲು ಬಾರದು. ‘ಪರಿಸರಸ್ನೇಹಿಯಾಗಿರಬೇಕು’ ಎಂದಷ್ಟೇ ಬರೆದರೆ ಎಲ್ಲರೂ ಟಿಕ್ ಹಾಕಿ ಕಳಿಸುತ್ತಾರೆ. ಅಂಕಿ ಕೇಳಿ: ಸಾವಿರ ಚಿತ್ರಕ್ಕೆ ಎಷ್ಟು ವ್ಯಾಟ್-ಅವರ್, ಡೇಟಾ ಸೆಂಟರಿನ ಕಳೆದ 12 ತಿಂಗಳ ಪಿಯುಇ ಎಷ್ಟು, ಯಂತ್ರ ತಂಪಾಗಿಡಲು ಯುನಿಟ್ಟಿಗೆ ಎಷ್ಟು ಲೀಟರ್ ನೀರು. ಎಲ್‌1 (ಅತಿ ಕಡಿಮೆ ದರದ ಬಿಡ್) ನಿರ್ಧರಿಸುವಾಗ ಯಂತ್ರದ ಬೆಲೆಗೆ ಐದು ವರ್ಷದ ಕರೆಂಟ್ ಬಿಲ್ಲನ್ನೂ ಕೂಡಿಸುವುದಾಗಿ ಬರೆಯಿರಿ. ಇಲ್ಲದಿದ್ದರೆ ಕಡಿಮೆ ಬೆಲೆಯ, ಕರೆಂಟ್ ಕುಡಿಯುವ ಯಂತ್ರವೇ ಗೆಲ್ಲುತ್ತದೆ; ಮೆಸ್ಕಾಂ ಬಿಲ್ ಕಟ್ಟುವವರು ನೀವು.

15 ದಿನದ ಪರೀಕ್ಷೆಯನ್ನೂ ಷರತ್ತಾಗಿಸಿ, ಪ್ಲಗ್ಗಿಗೆ ಸಬ್‌ಮೀಟರ್ ಹಾಕಿ ಅಳೆಯಿರಿ. ಪರೀಕ್ಷೆ ಜುಲೈನಲ್ಲೇ ಆಗಲಿ. ಜನವರಿಯ ಬಿಸಿಲಿನಲ್ಲಿ ಪಾಸಾದದ್ದು ಮಲೆನಾಡಿನ ಮಳೆಯಲ್ಲಿ ಲೆನ್ಸಿನ ಹನಿಯನ್ನೂ ಮಂಜನ್ನೂ ಕಸವೆಂದು ಕೂಗುತ್ತದೆ. ಆಗ ಗುತ್ತಿಗೆದಾರರು ‘ದೊಡ್ಡ ಮಾಡೆಲ್ ಹಾಕೋಣ’ ಎನ್ನಬಹುದು (ಅಂದರೆ ಇನ್ನೂ ಹೆಚ್ಚು ಕರೆಂಟ್ ಬೇಡುವ ಎಐ ತಂತ್ರಾಂಶ). ಒಪ್ಪುವ ಮೊದಲು ಲೆನ್ಸಿಗೊಂದು ತಗಡಿನ ಸೂರು ಹಾಕಿಸಿ ನೋಡಿ. ಗುತ್ತಿಗೆದಾರರ ಬಿಲ್ಲಿನ ಶೇ 10ರಷ್ಟನ್ನು ಮೀಟರ್ ರೀಡಿಂಗ್ ಬಿಡ್‌ನಲ್ಲಿ ಹೇಳಿದ ಅಂಕಿಗೆ ತಾಳೆಯಾದ ಮೇಲೆ ಕೊಡಿ.

ಹಳೆಯ ಸರ್ವರನ್ನು ಗುಜರಿ ಹರಾಜಿಗೆ ಇಡಬೇಡಿ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಉತ್ಪಾದಕರಿಗೋ ದುರಸ್ತಿದಾರರಿಗೋ ಮರುಬಳಕೆದಾರರಿಗೋ ಹೋಗಬೇಕು. ಯುಪಿಎಸ್ ಬ್ಯಾಟರಿಗೆ ಬೇರೆಯೇ ನಿಯಮವಿದೆ, ಒಂದೇ ಲಾಟಿನಲ್ಲಿ ಸೇರಿಸಬೇಡಿ.