ಅಪ್ಪನ ಎಸ್ಟೀಮ್ ಆಟೋಕ್ರಾಸ್ ಕಾರಾದದ್ದು

ಭಾನುವಾರಗಳನ್ನೆಲ್ಲ ಸುರಿದು ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟಿದ ಮೊದಲ ರೋಲ್ ಕೇಜನ್ನು, ಅಂದರೆ ಕಾರು ಪಲ್ಟಿಯಾದಾಗ ಒಳಗಿದ್ದವರನ್ನು ಕಾಯುವ ಪೈಪಿನ ಚೌಕಟ್ಟನ್ನು, ನಾನೇ ಗ್ರೈಂಡರ್ ಹಿಡಿದು ತುಂಡು ತುಂಡಾಗಿ ಕತ್ತರಿಸಿ ಗುಜರಿಗೆ ಹಾಕಬೇಕಾಯಿತು. ಅದನ್ನು ನೀರಿನ ಜಿಐ ಪೈಪಿನಲ್ಲಿ ಮಾಡಿದ್ದೆ. ವೆಲ್ಡಿಂಗ್ ಮಾಡಿದ ದಿನ ಸಂಜೆಯೇ ಚಳಿ ಹತ್ತಿ ಜ್ವರ ಬಂದಿತ್ತು; ಪೈಪಿನ ಮೇಲಿನ ಸತುವಿನ ಲೇಪ ಸುಟ್ಟು ಏಳುವ ಬಿಳಿ ಹೊಗೆಯಿಂದ ಹಾಗಾಗುತ್ತದೆಂದು ಆಮೇಲೆ ತಿಳಿಯಿತು. ಸ್ಪರ್ಧೆಗಳಲ್ಲಿ ಕಾರುಗಳ ತಪಾಸಣೆ ಮಾಡಿ ಅನುಭವವಿದ್ದ ಹಿರಿಯರೊಬ್ಬರು ಬಂದು ನೋಡಿದಾಗ ಬಾಗಿಲು ತೆರೆದು ಒಳಗೆ ಕೂರಲೂ ಇಲ್ಲ. ಬಾಗಿಸಿದ ಜಾಗದಲ್ಲಿ ಬೆರಳು ಆಡಿಸಿ, ಪೈಪಿನ ಉದ್ದಕ್ಕೂ ಹೋಗಿದ್ದ ಹೊಲಿಗೆಯ ಗೆರೆಯನ್ನು ತೋರಿಸಿ, "ಕಾರು ಪಲ್ಟಿ ಹೊಡೆದರೆ ಇದು ಇಲ್ಲೇ ಸೀಳುತ್ತೆ ಕಣಪ್ಪ, ನಿನ್ನನ್ನು ಕಾಯೋದಲ್ಲ, ಚುಚ್ಚುತ್ತೆ" ಎಂದರು.

ಕಾರು ಅಪ್ಪನದು, 2001ರ ಮಾದರಿಯ ಮಾರುತಿ ಎಸ್ಟೀಮ್. ನೋಂದಣಿಯ 15 ವರ್ಷ ಮುಗಿದ ಮೇಲೆ ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. 1298 ಸಿಸಿಯ, 16 ವಾಲ್ವಿನ, 85 ಅಶ್ವಶಕ್ತಿಯ ಎಂಜಿನ್ ಇನ್ನೂ ಗಟ್ಟಿಯಾಗಿತ್ತು. ಹೊಸ ಕಾರು ಕೊಂಡು ಸ್ಪರ್ಧೆಗೆ ಇಳಿಯುವ ಶಕ್ತಿ ನನಗಿರಲಿಲ್ಲ. ಹಗುರವಾದ ಮೈ, ಎಲ್ಲೆಡೆ ಸಿಗುವ ಬಿಡಿಭಾಗಗಳು, ಮನೆಯ ಸಲಕರಣೆಗಳಲ್ಲೇ ಬಿಚ್ಚಿ ಜೋಡಿಸಬಹುದಾದ ರಚನೆ, ಇವಿಷ್ಟೂ ಇದ್ದ ಎಸ್ಟೀಮ್, ಕೋನ್‌ಗಳಿಟ್ಟು ಗುರುತಿಸಿದ ದಾರಿಯಲ್ಲಿ ಸಮಯ ಅಳೆದು ಓಡಿಸುವ ಆಟೋಕ್ರಾಸ್ ಸ್ಪರ್ಧೆಗೆ ಸಾಕೆಂದು ನನಗೆ ತೋರಿತು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಹೀಗೆ ಮಾರ್ಪಡಿಸಿದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ, ಇನ್ನು ಮುಂದೆ ಅದು ಲಾರಿಯ ಮೇಲೆಯೇ ಊರು ಬಿಟ್ಟು ಹೋಗುವುದೆಂದು ಮೊದಲೇ ತೀರ್ಮಾನಿಸಿಕೊಂಡೆ. ಅಪ್ಪ ಒಪ್ಪಿದರು, ಆದರೆ ಎಡಗಡೆಯ ಸೀಟು ಬಿಚ್ಚಿ ಅಂಗಳದಲ್ಲಿಟ್ಟ ದಿನ ಅದರ ಮೇಲೆಯೇ ಕುಳಿತು ಪೇಪರ್ ಓದಿದರು.

ಬಿಚ್ಚುವ ಕೆಲಸ ನಾನು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಸೀಟು, ಕಾರ್ಪೆಟ್, ಏಸಿ, ಬಾಗಿಲಿನ ಒಳಹೊದಿಕೆ ಇವೆಲ್ಲ ಸುಲಭವಾಗಿ ಹೋದವು. ನೆಲದ ತಗಡಿಗೆ ಸದ್ದು ತಡೆಯಲೆಂದು ಅಂಟಿಸಿದ್ದ ಡಾಂಬರಿನ ಹಾಳೆ ಮಾತ್ರ ಉಳಿಗೂ ಬಗ್ಗಲಿಲ್ಲ, ಬಿಸಿಗಾಳಿ ಹಿಡಿದರೆ ಕರಗಿ ಕೈಗೆ ಮೆತ್ತಿಕೊಂಡಿತು. ಕಡೆಗೆ ಬೆಂಗಳೂರಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ತರಿಸಿ, ಶೆಡ್ಡಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ದಪ್ಪ ಚರ್ಮದ ಕೈಗವಸು ಹಾಕಿಕೊಂಡು ನೆಲದ ಮೇಲೆ ಹರಡಿದೆ. ಮೈನಸ್ 78 ಡಿಗ್ರಿಯ ಆ ಚಳಿಗೆ ಹತ್ತು ನಿಮಿಷದಲ್ಲಿ ಡಾಂಬರು ಗಾಜಿನಂತೆ ಪೆಡಸಾಯಿತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಪ್ಪಳದ ಹಾಗೆ ಚಟಪಟನೆ ಎದ್ದು ಬಂತು. ವೇ ಬ್ರಿಡ್ಜಿನಲ್ಲಿ ಮೊದಲು 880 ಕೆಜಿ ತೋರಿಸಿದ್ದ ಕಾರು ಈಗ 730ಕ್ಕೆ ಇಳಿದಿತ್ತು. ಎಂಜಿನ್ನಿಗೆ ಒಂದು ರೂಪಾಯಿಯೂ ಹಾಕದೆ ಸಿಕ್ಕ ವೇಗ ಅದು.

ಎರಡನೆಯ ಕೇಜಿಗೆ ಹೊಲಿಗೆಯಿಲ್ಲದ, ತಣ್ಣನೆಯಲ್ಲೇ ಎಳೆದ ಉಕ್ಕಿನ ಕೊಳವೆ ತಂದೆ. ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿಮೀ ಹೊರವ್ಯಾಸ, 2.5 ಮಿಮೀ ದಪ್ಪ. ಉಳಿದ ಕಡೆ 38 ಮಿಮೀ ವ್ಯಾಸ, ಅಷ್ಟೇ ದಪ್ಪ. ಇದು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮಾವಳಿಯಲ್ಲಿರುವ ಅಳತೆ. ಬಾಗಿಸುವ ಕೆಲಸವನ್ನು ಕೊಳವೆಯೊಳಗೆ ಆಧಾರ ಕೊಟ್ಟು ಬಗ್ಗಿಸುವ ಮ್ಯಾಂಡ್ರೆಲ್ ಯಂತ್ರವಿದ್ದ ವರ್ಕ್‌ಶಾಪಿಗೆ ಕೊಟ್ಟೆ, ಏಕೆಂದರೆ ಮರಳು ತುಂಬಿ ಬಗ್ಗಿಸಿದ ನನ್ನ ಪ್ರಯತ್ನಗಳಲ್ಲಿ ಕೊಳವೆ ಒಳಮಗ್ಗುಲಲ್ಲಿ ಸುಕ್ಕುಗಟ್ಟುತ್ತಿತ್ತು. ನೆಲದ ತಗಡು ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲದ್ದರಿಂದ ಕೇಜಿನ ಕಾಲುಗಳನ್ನು ನೇರವಾಗಿ ಅದಕ್ಕೆ ಕೂರಿಸಿದರೆ ಪಲ್ಟಿಯಾದಾಗ ಅವು ತಗಡನ್ನು ತೂರಿಕೊಂಡು ಹೋಗುತ್ತವೆ. ಹಾಗಾಗಿ ಪ್ರತಿ ಕಾಲಿನ ಕೆಳಗೆ 3 ಮಿಮೀ ಉಕ್ಕಿನ ಪಟ್ಟಿಯನ್ನು ಅಂಗೈ ಅಗಲಕ್ಕೆ ಹಾಸಿ, ಸುತ್ತಲೂ ಬೆಸೆದೆ. ಅಂತಿಮ ಬೆಸುಗೆಯನ್ನು ಮಾತ್ರ ನುರಿತ ವೆಲ್ಡರ್ ಮೇಸ್ತ್ರಿಯ ಕೈಯಲ್ಲೇ ಹಾಕಿಸಿದೆ. ನನ್ನ ಬೆಸುಗೆ ನೋಡಲು ಚೆನ್ನಾಗಿತ್ತು, ಆದರೆ ತುಂಡೊಂದನ್ನು ವೈಸಿಗೆ ಕಚ್ಚಿಸಿ ಬಡಿದಾಗ ಬೇರಿನಿಂದ ಕಿತ್ತು ಬಂತು. ಕೇಜ್ ಸೇರಿದ ಮೇಲೆ ತೂಕ 790 ಕೆಜಿ. ಕಡಿಮೆಯಾದ 150ರಲ್ಲಿ 60 ವಾಪಸು ಬಂತೆಂದು ನನಗೆ ಬೇಸರವಾಗಲಿಲ್ಲ.

ಸೀಟು, ಆರು ಪಟ್ಟಿಯ ಬೆಲ್ಟು, ಬೆಂಕಿ ನಂದಿಸುವ ಸಿಲಿಂಡರ್ ಇವನ್ನು ಹೊಸದಾಗಿಯೇ ಕೊಂಡೆ. ಬಳಸಿದ ಬೆಲ್ಟನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಅಪಘಾತವಾದಾಗ ಕಾರಿನ ವಿದ್ಯುತ್ತನ್ನೆಲ್ಲ ಕಡಿದು ಎಂಜಿನ್ ನಿಲ್ಲಿಸುವ ಕಟ್ ಆಫ್ ಸ್ವಿಚ್ಚಿನಲ್ಲಿ ಮಾತ್ರ ಎಡವಿದೆ. ಬ್ಯಾಟರಿಯ ತಂತಿಯನ್ನಷ್ಟೇ ಅದಕ್ಕೆ ಕೊಟ್ಟು ಪರೀಕ್ಷಿಸಿದಾಗ, ಸ್ವಿಚ್ ತಿರುಗಿಸಿದರೂ ಎಂಜಿನ್ ನಿಲ್ಲಲಿಲ್ಲ, ತಾನೇ ತಿರುಗಿಸುವ ಆಲ್ಟರ್ನೇಟರಿನ ವಿದ್ಯುತ್ತಿನಲ್ಲೇ ಓಡುತ್ತಿತ್ತು. ಇಗ್ನಿಷನ್ ತಂತಿಯನ್ನೂ ಜೊತೆಗೇ ಕಡಿಯುವ ಸ್ವಿಚ್ಚನ್ನು ತಂದು, ಒಳಗಿನಿಂದಲೂ ಹೊರಗಿನಿಂದಲೂ ಎಳೆಯುವಂತೆ ಕೂರಿಸಿದ ಮೇಲೆ ಅದು ಸರಿಹೋಯಿತು.

ಎಂಜಿನ್ನನ್ನು ಹೆಚ್ಚು ಕೆಣಕಲಿಲ್ಲ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹೋಸುಗಳು, ಪ್ಲಗ್ಗುಗಳು ಹೊಸವು, ಅಷ್ಟೆ. ಆದರೆ ಖಾಲಿ ಮೈದಾನವೊಂದರಲ್ಲಿ ಮೊದಲ ಸಲ ಓಡಿಸಿದಾಗ ಉದ್ದನೆಯ ತಿರುವಿನಲ್ಲಿ ಆಯಿಲ್ ದೀಪ ಒಂದು ಕ್ಷಣ ಮಿನುಗಿತು. ತಿರುವಿನಲ್ಲಿ ಆಯಿಲ್, ಎಂಜಿನ್ನಿನ ತಳದಲ್ಲಿ ಅದು ನಿಲ್ಲುವ ತೊಟ್ಟಿಯಾದ ಸಂಪಿನ ಒಂದು ಬದಿಗೆ ಏರಿ ನಿಂತು, ಹೀರುವ ಕೊಳವೆಗೆ ಬರೀ ಗಾಳಿ ಸಿಕ್ಕಿದರೆ ಹೀಗಾಗುತ್ತದೆ. ಎರಡು ಮೂರು ಸಲ ಕಡೆಗಣಿಸಿದರೆ ಬೇರಿಂಗ್ ಹೋಗುತ್ತದೆ. ಸಂಪು ಇಳಿಸಿ, ಕೊಳವೆಯ ಬಾಯಿಯ ಸುತ್ತ ತಗಡಿನ ಅಡ್ಡಗೋಡೆಗಳನ್ನು ಎಬ್ಬಿಸಿ, ಕ್ರ್ಯಾಂಕಿಗೆ ತಾಗದಂತೆ ಜೇಡಿಮಣ್ಣಿನ ಉಂಡೆಯಿಟ್ಟು ಅಂತರ ನೋಡಿಕೊಂಡೆ. ಬೆಸುಗೆಯಲ್ಲಿ ಸೂಜಿರಂಧ್ರವಿದೆಯೇ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ: ಹೊರಮೈಗೆ ಸೀಮೆಸುಣ್ಣ ಬಳಿದು ಒಳಗೆ ಸೀಮೆಎಣ್ಣೆ ಸುರಿದಿಡುವುದು. ರಾತ್ರಿ ಹಾಗೆ ಇಟ್ಟು ಬೆಳಿಗ್ಗೆ ನೋಡಿದರೆ ಬಿಳಿಯ ಮೇಲೆ ಎರಡು ಕಡೆ ಒದ್ದೆ ಚುಕ್ಕೆ ಮೂಡಿತ್ತು. ತೊಳೆದು ಒರೆಸಿ, ಒಣಗಿಸಿ, ಮತ್ತೆ ಬೆಸೆದೆ.

ಬ್ರೇಕಿನಲ್ಲಿ ದೊಡ್ಡ ಬದಲಾವಣೆ ದ್ರವದ್ದು. ಹಳೆಯ ಡಾಟ್ 3 ದ್ರವ ತಾಜಾ ಇದ್ದಾಗಲೇ ಕುದಿಯುವುದು 205 ಡಿಗ್ರಿಗೆ, ವರ್ಷಗಟ್ಟಲೆ ತೇವ ಹೀರಿದ ಮೇಲೆ ಅದಕ್ಕಿಂತ ಬಹಳ ಕೆಳಗೆ. ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ. ಡಾಟ್ 5.1ಕ್ಕೆ ಕನಿಷ್ಠ 260 ಡಿಗ್ರಿ. ಮುಂದೆ ಡಿಸ್ಕಿಗೆ ಗಟ್ಟಿ ಪ್ಯಾಡ್ ಹಾಕಿ, ಹಿಂದಿನ ಡ್ರಮ್ಮನ್ನು ಹಾಗೇ ಬಿಟ್ಟೆ. ಕೋನ್‌ಗಳ ಸುತ್ತ ಹಿಂಬದಿ ಜಾರಿಸಿ ತಿರುಗಲು ಹ್ಯಾಂಡ್‌ಬ್ರೇಕ್ ಬೇಕೇ ಬೇಕು, ಆ ಕೆಲಸಕ್ಕೆ ಡ್ರಮ್ಮು ಚೆನ್ನಾಗಿ ಒದಗುತ್ತದೆ.

ಚಕ್ರಗಳ ಕೋನವನ್ನು ಗಾರೆಯವರ ಸಲಕರಣೆಯಲ್ಲೇ ಹೊಂದಿಸಿದೆ. ಕಾರಿನ ಎರಡೂ ಮಗ್ಗುಲಿಗೆ ನೂಲು ಬಿಗಿದು ರಿಮ್ಮಿನ ಮುಂತುದಿ, ಹಿಂತುದಿಗಳ ದೂರ ಅಳೆದರೆ ಟೋ, ಅಂದರೆ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು, ತಿಳಿಯುತ್ತದೆ. ತೂಗುಗುಂಡು ಇಳಿಬಿಟ್ಟರೆ ಕ್ಯಾಂಬರ್, ಅಂದರೆ ಚಕ್ರ ನೆಟ್ಟಗಿರದೆ ಓರೆಯಾಗಿರುವ ಕೋನ. 13 ಇಂಚಿನ ಚಕ್ರದಲ್ಲಿ ರಿಮ್ಮಿನ ಮೇಲಂಚು ಕೆಳಗಿನದಕ್ಕಿಂತ ಸುಮಾರು 9 ಮಿಮೀ ಒಳಗಿದ್ದರೆ ಒಂದೂವರೆ ಡಿಗ್ರಿ. ಅಲೈನ್‌ಮೆಂಟ್ ಅಂಗಡಿಯಲ್ಲಿ ಆಮೇಲೆ ನೋಡಿಸಿದಾಗ ವ್ಯತ್ಯಾಸ ಬಹಳವಿರಲಿಲ್ಲ.

ಮೊದಲ ಆಟೋಕ್ರಾಸಿನಲ್ಲಿ ತಪಾಸಣೆ ಒಂದೇ ಸಲಕ್ಕೆ ಮುಗಿಯಿತು, ನನ್ನ ಸಮಯ ಪಟ್ಟಿಯ ಮಧ್ಯದಲ್ಲೆಲ್ಲೋ ಬಂತು, ಆಯಿಲ್ ದೀಪ ಮಿನುಗಲಿಲ್ಲ. ಮನೆಗೆ ತಂದು ಮುಂದಿನ ಚಕ್ರ ಬಿಚ್ಚಿದಾಗ ಬಲಗಡೆಯ ಪ್ಯಾಡು ಎಡಗಡೆಯದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಸವೆದಿತ್ತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ಹಿಡಿದುಕೊಂಡಿದೆ. ಈ ಭಾನುವಾರ ಅದನ್ನು ಬಿಚ್ಚಬೇಕು.